ಆಪ್‌ಗಳನ್ನು ಸುಮ್ನೆ ಬಿಡಿ ಮಾರಾಯ್ರೇ!

ನಮಸ್ಕಾರ, ನಮಸ್ಕಾರ. ಇವತ್ತು ಬೇರೆ ಏನೋ ಮಾತಾಡಬೇಕು ಅಂತ ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಅದನ್ನು ಪಕ್ಕಕ್ಕಿಟ್ಟೆ. ಕಾರಣ, ಹೋದ ವಿಡಿಯೋಗೆ ಬಂದ ಒಂದು ಕಾಮೆಂಟ್. ಆ ವಿಡಿಯೋದಲ್ಲಿ ನನ್ನ ಫೋನಿನ ರೀಸೆಂಟ್ ಆಪ್‌ಗಳ ಸಾಲು ಸರ್ರನೆ ಒಂದೆರಡು ಸೆಕೆಂಡ್ ಸರಿದು ಹೋಗಿತ್ತು. ಅಷ್ಟಕ್ಕೇ ಒಬ್ಬರು ಬರೆದಿದ್ದಾರೆ: "ಸರ್, 23 ಆಪ್ ಓಪನ್ ಇಟ್ಕೊಂಡು ನಮಗೆ ಬ್ಯಾಟರಿ ಪಾಠ ಹೇಳ್ತೀರಲ್ಲ, ಮೊದಲು ಅವನ್ನ ಕ್ಲೋಸ್ ಮಾಡಿ."

23! ವಿಡಿಯೋ ನಿಲ್ಲಿಸಿ ನಿಲ್ಲಿಸಿ ಎಣಿಸಿದ್ದಾರೆ. ಆ ತಾಳ್ಮೆಗೆ ದೊಡ್ಡ ನಮಸ್ಕಾರ. ಸಲಹೆ ಮಾತ್ರ ತಪ್ಪು. ಆಪ್‌ಗಳನ್ನು ಮೇಲಕ್ಕೆ ತಳ್ಳಿ ತಳ್ಳಿ ಓಡಿಸಿದರೆ ಬ್ಯಾಟರಿ ಉಳಿಯುವುದಿಲ್ಲ.

ಆ ಸಾಲಿನಲ್ಲಿ ಕಾಣುವುದೆಲ್ಲ ಓಡುತ್ತಿರುವ ಆಪ್ ಅಲ್ಲ. ಬಹುಪಾಲು ಬರೀ ಫೋಟೋ. ನೀವು ಕೊನೆಗೆ ನೋಡಿದಾಗ ಆಪ್ ಹೇಗಿತ್ತೋ ಅದರ ಒಂದು ಚಿತ್ರ, ಅಷ್ಟೇ. ನೀವು ಹೊರಗೆ ಬಂದ ಸ್ವಲ್ಪ ಹೊತ್ತಿಗೆ ಫೋನ್ ಅದನ್ನು ಮಲಗಿಸಿರುತ್ತದೆ. ಜಾಗ ಸಾಲದೆ ಹೋದರೆ ಯಾರನ್ನು ಎಬ್ಬಿಸಿ ಹೊರಗೆ ಕಳಿಸಬೇಕು ಅಂತ ಫೋನಿಗೇ ಗೊತ್ತು. ನಿಮ್ಮ ಹೆಬ್ಬೆರಳಿನ ಸಹಾಯ ಅದು ಕೇಳಿಲ್ಲ.

"ರ್‍ಯಾಮ್ ತುಂಬಿರುತ್ತಲ್ಲ?" ರ್‍ಯಾಮ್ ಅಂದರೆ ಆಪ್‌ಗಳನ್ನು ಫೋನ್ ಸದ್ಯಕ್ಕೆ ಕೈಗೆಟುಕುವಂತೆ ಇಟ್ಟುಕೊಳ್ಳುವ ಮೆಮೊರಿ. ತುಂಬಿರಲಿ ಬಿಡಿ, ಅದು ಇರುವುದೇ ತುಂಬುವುದಕ್ಕೆ. ರ್‍ಯಾಮ್‌ನಲ್ಲಿರುವುದು ಅಳಿಸಿ ಹೋಗದಿರಲಿ ಅಂತ ಫೋನ್ ಅದನ್ನು ಸೆಕೆಂಡಿಗೆ ಹತ್ತಾರು ಸಲ ರಿಫ್ರೆಶ್ ಮಾಡುತ್ತಲೇ ಇರಬೇಕು. ತುಂಬಿದ್ದರೂ ಖಾಲಿ ಇದ್ದರೂ ಆ ಖರ್ಚು ಹೆಚ್ಚುಕಡಿಮೆ ಒಂದೇ. ಆದರೆ ಓಡಿಸಿದ ಆಪ್ ಮತ್ತೆ ಬೇಕಾದಾಗ? ಮೊದಲಿಂದ ಶುರು. ಸ್ಟೋರೇಜಿನಿಂದ ಎಲ್ಲ ಎಳೆದು ತರಬೇಕು, ಪ್ರೊಸೆಸರ್ ಬೆವರಬೇಕು. ಮೇಜಿನ ಮೇಲಿನ ಪುಸ್ತಕವನ್ನು ಪ್ರತಿ ಪುಟ ಓದಿದ ಮೇಲೂ ಅಟ್ಟಕ್ಕೆ ಹತ್ತಿಸಿ, ಮತ್ತೆ ಏಣಿ ಹಾಕಿ ಇಳಿಸಿದ ಹಾಗೆ. ದಿನಕ್ಕೆ ನಲವತ್ತು ಸಲ!

ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. 2016ರ ಮಾರ್ಚ್‌ನಲ್ಲಿ ಒಬ್ಬ ಗ್ರಾಹಕ ಆಗ ಆಪಲ್‌ನ ಮುಖ್ಯಸ್ಥರಾಗಿದ್ದ ಟಿಮ್ ಕುಕ್‌ಗೇ ಮೇಲ್ ಹಾಕಿದ. ನೀವು ಆಗಾಗ ಆಪ್‌ಗಳನ್ನು ಮುಚ್ಚುತ್ತೀರಾ, ಬ್ಯಾಟರಿಗೆ ಅದು ಬೇಕಾ ಅಂತ. ಉತ್ತರ ಬರೆದದ್ದು ಅಲ್ಲಿನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಘಿ. ಇಲ್ಲ, ಇಲ್ಲ. ಎರಡು ಪ್ರಶ್ನೆಗೆ ಎರಡು ಇಲ್ಲ, ಮುಗೀತು. ಅದೇ ಸುಮಾರಿಗೆ ಆಂಡ್ರಾಯ್ಡ್ ನೋಡಿಕೊಳ್ಳುತ್ತಿದ್ದ ಹಿರೋಶಿ ಲಾಕ್‌ಹೈಮರ್ ಕೂಡ, ಹಾಗೆ ಮುಚ್ಚಿದರೆ ಬ್ಯಾಟರಿಗೆ ಸ್ವಲ್ಪ ನಷ್ಟವೇ ಆಗಬಹುದು ಅಂದರು. ಫೋನ್ ತಯಾರಿಸಿದವರೇ ಬೇಡ ಅಂದರೂ ನಮ್ಮ ಬೆರಳು ಕೇಳುವುದಿಲ್ಲ.

ನನಗೆ ಇಷ್ಟು ಸಿಟ್ಟು ಯಾಕೆ ಅಂತ ಹೇಳಿಬಿಡುತ್ತೇನೆ. ಮೊನ್ನೆ ಒಂದು ಆನ್‌ಲೈನ್ ಫಾರಂ ತುಂಬುತ್ತಿದ್ದೆ. ಏಳು ಪುಟ. ಆರನೆಯದರಲ್ಲಿದ್ದೆ. ಫೋಟೋ ಅಪ್‌ಲೋಡ್ ಆಗಿತ್ತು, ಸಹಿ ಆಗಿತ್ತು. ನೀರು ಕುಡಿದು ಬರುವಷ್ಟರಲ್ಲಿ ನನ್ನ ಗೆಳೆಯ ಫೋನ್ ಕೈಗೆತ್ತಿಕೊಂಡು, ಟಕ್ ಟಕ್ ಟಕ್, ಎಲ್ಲ ಕ್ಲಿಯರ್. "ಎಷ್ಟೊಂದು ಓಪನ್ ಇಟ್ಟಿದೀಯೋ, ಅದಕ್ಕೇ ಬಿಸಿ ಆಗಿದೆ ನೋಡು" ಅಂತ ಉಪಕಾರ ಮಾಡಿದವನ ಹಾಗೆ ನಕ್ಕ. ಫೋನ್ ಬಿಸಿ ಆಗಿದ್ದದ್ದು ಚಾರ್ಜಿಗೆ ಹಾಕಿದ್ದಕ್ಕೆ. ನಾನು ಮತ್ತೆ ಮೊದಲನೇ ಪುಟದಿಂದ: ಹೆಸರು, ತಂದೆಯ ಹೆಸರು, ಹುಟ್ಟಿದ ದಿನ... ಅವನು ಈಗಲೂ ಗೆಳೆಯನೇ. ಪಾಸ್‌ಕೋಡ್ ಮಾತ್ರ ಬದಲಾಗಿದೆ.

ಅಂದ ಹಾಗೆ, ಇಷ್ಟು ಹೊತ್ತು ಕೂತಿದ್ದೀರಿ ಅಂದರೆ ಆ ಸಬ್‌ಸ್ಕ್ರೈಬ್ ಬಟನ್ ಒತ್ತಿಬಿಡಿ. ಬೆರಳಿಗೆ ಕೆಲಸ ಬೇಕು ಅಲ್ವಾ? ಅಲ್ಲಿ ತಳ್ಳುವ ಬದಲು ಇಲ್ಲಿ ಒತ್ತಿ.

ಈಗ ಬರುತ್ತಾರೆ ನೋಡಿ: "ನನ್ನ ಫೋನ್ ಕ್ಲೋಸ್ ಮಾಡಿದ ತಕ್ಷಣ ಫಾಸ್ಟ್ ಆಗತ್ತೆ ಸರ್." ಆಗತ್ತೆ, ಆಗತ್ತೆ. ನಾನೂ ಹೊಸ ಶೂ ಹಾಕಿಕೊಂಡ ದಿನ ಜೋರಾಗಿ ಓಡುತ್ತೇನೆ. ಇನ್ನೊಬ್ಬರು: "ಮ್ಯಾಪ್ ದಾರಿ ತೋರಿಸ್ತಾ ಇದ್ರೆ?" ಸರಿ, ದಾರಿ ಮುಗಿದ ಮೇಲೆ ಅದನ್ನು ನಿಲ್ಲಿಸಿ. ಆಪ್ ಹ್ಯಾಂಗ್ ಆಗಿ ಕೂತಿದ್ದರೆ ಅದನ್ನೂ ಮುಚ್ಚಿ. ಒಂದು ಆಪ್! ಒಂದು ಹಟ ಮಾಡಿತು ಅಂತ 22 ಪಾಪದವನ್ನು ಯಾಕೆ ಓಡಿಸುತ್ತೀರಿ?

ನಿಜವಾಗಿ ಚಾರ್ಜ್ ತಿನ್ನುವುದು ಕಣ್ಣೆದುರಿಗೇ ಇದೆ: ಪರದೆ. ಬ್ರೈಟ್‌ನೆಸ್ ತುದಿ ಮುಟ್ಟಿಸಿ ರೀಲ್ಸ್ ನೋಡುತ್ತಾ "ಬ್ಯಾಟರಿ ನಿಲ್ಲಲ್ಲ" ಅನ್ನುತ್ತೀರಿ. ಆಮೇಲೆ ಸಿಗ್ನಲ್. ಟವರ್ ದೂರ ಇದ್ದರೆ ಫೋನ್ ಒಳಗೊಳಗೇ ಕೂಗಿ ಕೂಗಿ ಸುಸ್ತಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಅಂತ ಇದೆ, ಒಳಗೆ ಹೋಗಿ. ಯಾರು ಎಷ್ಟು ತಿಂದರು ಅಂತ ಪಟ್ಟಿಯೇ ಇದೆ. ಮೇಲಿರುವ ಒಂದೆರಡಕ್ಕೆ ಹಿನ್ನೆಲೆಯಲ್ಲಿ ಓಡದ ಹಾಗೆ ಕಡಿವಾಣ ಹಾಕಿ. ಲೊಕೇಶನ್ ಯಾವಾಗಲೂ ಬೇಕು ಅನ್ನುವ ಆಪ್‌ಗೆ, ಬಳಸುವಾಗ ಮಾತ್ರ ಅಂತ ಹೇಳಿ. ಎರಡು ನಿಮಿಷದ ಕೆಲಸ. ಅದು ಬೇಡ. ತಳ್ಳುವುದೇ ಬೇಕು!

ಇನ್ನೊಂದು ಗಮ್ಮತ್ತು ಕೇಳಿ. ಕೆಲವು ಫೋನ್‌ಗಳಲ್ಲಿ ಹೀಗೆ ತಳ್ಳಿದರೆ ಆಪ್ ಪೂರ್ತಿ ಸತ್ತೇ ಹೋಗುತ್ತದೆ. ಆಮೇಲೆ ನೋಟಿಫಿಕೇಶನ್ ಬರುವುದಿಲ್ಲ. ಆಗ ಅದೇ ಜನ ನನ್ನನ್ನೇ ಕೇಳುತ್ತಾರೆ: "ಸರ್, ಮೆಸೇಜ್ ಲೇಟಾಗಿ ಬರ್ತಿದೆ, ಯಾವ ಫೋನ್ ತಗೊಳ್ಳಲಿ?" ಯಾವುದು ತಗೊಂಡರೂ ಬೆರಳು ಅದೇ ಅಲ್ವಾ!

ಮತ್ತೆ ಹೇಳುತ್ತೇನೆ, ತಳ್ಳಬೇಡಿ. ಮಲಗುವ ಮುಂಚೆಯೂ ಬೇಡ. "ಕ್ಲೀನ್ ಆಗಿದ್ರೆ ಮನಸ್ಸಿಗೆ ಸಮಾಧಾನ" ಅನ್ನುವವರೇ, ಮೇಜು ಒರೆಸಿ, ಕಪಾಟು ಜೋಡಿಸಿ. ಯಾಕೆ ಬೇಡ ಅಂದರೆ... ಹೇಳಿ ಆಯಿತಲ್ಲ! ಬೇಡ ಅಂದರೆ ಬೇಡ.

ಸರಿ, ಆ 23 ಎಣಿಸಿದವರೇ, ಇವತ್ತು ನಿಮಗೆ ತೊಂದರೆ ಕೊಡುವುದಿಲ್ಲ. ಫೋನನ್ನು ಕ್ಯಾಮೆರಾಗೆ ಹಿಡಿದು ನಾನೇ ಎಣಿಸಿದೆ, 31. ಅದರಲ್ಲಿ ಒಂದು ಕ್ಯಾಲ್ಕುಲೇಟರ್, ಹತ್ತು ದಿನದಿಂದ ಅಲ್ಲೇ ಮಲಗಿದೆ. ತಡೀರಿ, ನಿಮಗೋಸ್ಕರ ದಿಕ್ಸೂಚಿಯನ್ನೂ ತೆರೆಯುತ್ತೇನೆ. 32. ಕಾಮೆಂಟ್ ಹಾಕಿ, ಕಾಯುತ್ತಿರುತ್ತೇನೆ.