ಗೊಂಬೆ ಅಂಗಿಯ ಒಳಮೈ

ಕೇಳುಗರಿಗೆ ನಮಸ್ಕಾರ.

ಹಳೇ ಗೊಂಬೆಯ ಅಂಗಿಯೊಂದು ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಅಂಗೈ ಅಗಲ ಇದೆ, ಅಷ್ಟೇ. ಯಾವ ಕಾಲದ್ದು? ಯಾವ ಗೊಂಬೆಯದು? ಮೊದಲು ಅದನ್ನು ಮೆಲ್ಲಗೆ ತಿರುವಿ ಹಾಕಿ. ಗೊಂಬೆ ಅಂಗಿಯ ಜಾತಕ ಇರೋದು ಅದರ ಒಳಮೈಯಲ್ಲಿ.

ಬಾರ್ಬಿಯನ್ನೇ ತೆಗೆದುಕೊಳ್ಳೋಣ. ಅಮೆರಿಕದ ಮ್ಯಾಟೆಲ್ ಕಂಪನಿ 1959ರಲ್ಲಿ ತಂದ, 11.5 ಇಂಚು ಎತ್ತರದ ಗೊಂಬೆ. ಅದರ ಮೊದಲ ಉಡುಪುಗಳನ್ನು ರೂಪಿಸಿದವರು ಶಾರ್ಲೆಟ್ ಜಾನ್ಸನ್. ಹೊಲಿಗೆ ನಡೆದದ್ದು ಜಪಾನಿನಲ್ಲಿ. ಆ ಅಂಗಿಗಳ ಒಳಗೆ ನೋಡಿದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಲೈನಿಂಗ್ ಕೊಟ್ಟಿದ್ದಾರೆ. ಕಾಳಿನಷ್ಟು ಚಿಕ್ಕ ಟಿಚ್ ಬಟನ್ನನ್ನು ಕೈಯಲ್ಲೇ ಹೊಲಿದಿದ್ದಾರೆ. ಲೋಹದ ಪುಟಾಣಿ ಜಿಪ್ಪಿನ ಮೇಲೆ ಕೆಲವೊಮ್ಮೆ ವೈಕೆಕೆ ಅಂತ, ಅಂದರೆ ಜಪಾನಿನ ಜಿಪ್ ಕಂಪನಿಯ ಹೆಸರು, ಅಚ್ಚು ಇರುತ್ತದೆ. ಬಟ್ಟೆಯ ಮೇಲಿನ ಹೂವೂ ಗೊಂಬೆಯ ಮೈಗೆ ತಕ್ಕಷ್ಟೇ ಸಣ್ಣದು. ಬೆನ್ನಿಗೆ ವೆಲ್ಕ್ರೋ ಅಂಟಿದ್ದರೆ ಅದು ಆ ಮೊದಲ ವರ್ಷಗಳ ಅಂಗಿಯಲ್ಲ, ಆಮೇಲಿನದು.

ಲೇಬಲ್ ನೋಡಿದರೆ ಸಾಕಲ್ವಾ ಅಂತ ಕೇಳುತ್ತೀರಿ. ಸಾಲದು. ನಾನೂ ಒಮ್ಮೆ ಲೇಬಲ್ ನಂಬಿ ಒಂದು ಅಂಗಿ ಕೊಂಡೆ. ಮನೆಗೆ ತಂದು ಭೂತಗನ್ನಡಿ ಹಿಡಿದಾಗ ಗೊತ್ತಾಯಿತು, ಲೇಬಲ್ಲಿನ ಅಂಚಲ್ಲಿ ಹಳೇ ಸೂಜಿ ತೂತುಗಳು ಖಾಲಿ ಉಳಿದಿದ್ದವು. ಹೊಸ ದಾರ ಬೇರೆ ಕಡೆ ಓಡಿತ್ತು. ಲೇಬಲ್ ಹಳೆಯದು, ಅಂಗಿ ಬೇರೆಯದು! ತುಂಬಾ ನೋವಾಯಿತು. ಅಂದಿನಿಂದ ಲೇಬಲ್ಲನ್ನು ಕೊನೆಗೆ ಓದುತ್ತೇನೆ. ಓದುವಾಗ ಹೆಸರಿನ ಪಕ್ಕದ ಗುರುತನ್ನೂ ನೋಡಿ. ಟಿಎಂ, ಅಂದರೆ ಟ್ರೇಡ್‌ಮಾರ್ಕ್, ಅಂತಿದ್ದರೆ ಮೊದಮೊದಲಿನದು, ವೃತ್ತದೊಳಗೆ ಆರ್, ಅಂದರೆ ನೋಂದಾಯಿತ ಗುರುತು, ಇದ್ದರೆ ನಂತರದ್ದು. ಲೇಬಲ್ ಇಲ್ಲ ಅಂದ ಮಾತ್ರಕ್ಕೆ ನಕಲಿ ಅನ್ನಬೇಡಿ. ಎರಡು ಮೂರು ಉಡುಪಿನ ಸೆಟ್‌ನಲ್ಲಿ ಎಲ್ಲದಕ್ಕೂ ಲೇಬಲ್ ಹಾಕುತ್ತಿರಲಿಲ್ಲ.

ಸೆಟ್ ಅಂದಾಗ ನೆನಪಾಯಿತು. ಪ್ರತಿ ಸೆಟ್ಟಿಗೂ ಒಂದು ಹೆಸರು, ಒಂದು ನಂಬರ್ ಇರುತ್ತಿತ್ತು. 982 ಅಂದರೆ ಸೋಲೋ ಇನ್ ದ ಸ್ಪಾಟ್‌ಲೈಟ್, ಗಾಯಕಿಯ ಉಡುಪು. ಮಿನುಗುವ ಕಪ್ಪು ಗೌನು, ಉದ್ದನೆ ಕೈಗವಸು, ಮಣಿಸರ, ಗುಲಾಬಿ ಬಣ್ಣದ ಕರವಸ್ತ್ರ, ಕಪ್ಪು ಚಪ್ಪಲಿ, ಜೊತೆಗೆ ಮೈಕು. ಗೌನು ಸಿಗುತ್ತದೆ, ಚಿಕ್ಕಪುಟ್ಟ ವಸ್ತುಗಳು ಕಳೆದುಹೋಗಿರುತ್ತವೆ. ಆ ಕಾಲದ ಪುಟ್ಟ ಕೈಪುಸ್ತಕಗಳಲ್ಲಿ ಉಡುಪುಗಳ ಚಿತ್ರ ಇದೆ. ಅದನ್ನು ಪಕ್ಕದಲ್ಲಿಟ್ಟು ಒಂದೊಂದಾಗಿ ಹೊಂದಿಸಿ. 1990ರ ದಶಕದಲ್ಲಿ ಮ್ಯಾಟೆಲ್ಲೇ ಹಳೇ ವಿನ್ಯಾಸಗಳನ್ನು ಮತ್ತೆ ಹೊಲಿಸಿತು ಅನ್ನೋದೂ ನೆನಪಿರಲಿ.

ಇನ್ನು ಮನೆಯಲ್ಲಿ ಹೊಲಿದ ಅಂಗಿಗಳು. 1960ರ ದಶಕದಲ್ಲಿ ಮೆಕಾಲ್ಸ್, ಸಿಂಪ್ಲಿಸಿಟಿಯಂಥ ಕಂಪನಿಗಳು ಗೊಂಬೆ ಉಡುಪಿನ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಬೇಕಾದ ಕಾಗದದ ಮಾದರಿ, ಮಾರುತ್ತಿದ್ದವು. ಎಷ್ಟೋ ತಾಯಂದಿರು, ಅಜ್ಜಿಯರು ಅದನ್ನಿಟ್ಟುಕೊಂಡು ಹೊಲಿದರು. ದೊಡ್ಡ ಹೂವಿನ ಬಟ್ಟೆ, ದೊಡ್ಡ ಗುಂಡಿ ಕಂಡರೆ ಅದು ಮನೆಯದೇ ಇರಬಹುದು. ದಯವಿಟ್ಟು ಅದನ್ನು ಬಿಸಾಡಬೇಡಿ. ಮನೆ ಹೊಲಿಗೆ ಅಂತಲೇ ಬರೆದು, ಜೋಪಾನವಾಗಿಡಿ.

ಬಾರ್ಬಿಗಿಂತ ಹಳೆಯದು, 1930ರ ದಶಕದ್ದು ಅಂತ ಯಾರಾದರೂ ಹೇಳಿದರೆ ಕತ್ತಲಲ್ಲಿ ನೇರಳಾತೀತ ದೀಪ ಹಿಡಿದು ನೋಡಿ. ಬಿಳಿ ದಾರ ನೀಲಿಯಾಗಿ ಹೊಳೆದರೆ ಅನುಮಾನ ಪಡಿ, ಹಾಗೆ ಹೊಳೆಸುವ ರಾಸಾಯನಿಕ ಬಳಕೆಗೆ ಬಂದದ್ದು ಆಮೇಲೆ. ಆದರೆ ಈಗಿನ ಸೋಪಿನ ಪುಡಿಯಲ್ಲಿ ಒಗೆದ ಹಳೇ ಬಟ್ಟೆಯೂ ಹಾಗೇ ಹೊಳೆಯುತ್ತದೆ. ಹಾಗಾಗಿ ಬರೀ ಅದನ್ನೇ ನೆಚ್ಚಿಕೊಳ್ಳಬೇಡಿ.

ಅಂದಹಾಗೆ, ಅಂಗಿ ಕೈಗೆ ಬಂದ ಕೂಡಲೇ ಒಗೆಯಲು ಹೋಗಬೇಡಿ. ಮುಖ್ಯವಾಗಿ ಕೆಂಪು ಬಟ್ಟೆ, ಬಣ್ಣ ಬಿಡುತ್ತದೆ. ಗೊಂಬೆಗೆ ತೊಡಿಸಿಯೇ ಇಟ್ಟರೂ ಬಣ್ಣ ಮೈಗೆ ಇಳಿಯಬಹುದು. ಗುಂಡುಪಿನ್ನು ಚುಚ್ಚಿದ್ದರೆ ತೆಗೆಯಿರಿ, ತುಕ್ಕು ಹಿಡಿಯುತ್ತದೆ. ಆಮ್ಲವಿಲ್ಲದ ತೆಳು ಕಾಗದದಲ್ಲಿ ಸುತ್ತಿ, ನಂಬರ್ ಗೊತ್ತಿದ್ದರೆ ಚೀಟಿಯಲ್ಲಿ ಬರೆದು ಜೊತೆಗಿಡಿ.

ನಮಸ್ಕಾರ.