ಸೆಪ್ಟೆಂಬರ್ 3: ಯಾರ ಲೆಕ್ಕದಲ್ಲಿ?

ಕೇಳುಗರಿಗೆಲ್ಲ ನಮಸ್ಕಾರ. ಕೈಲ್‌ ಪೊಳ್ದ್ ಹಬ್ಬದ ಶುಭಾಶಯಗಳು. ಇದು ನಮ್ಮ ಕೊಡಗಿನಲ್ಲಿ ಆಯುಧ ಪೂಜಿಸುವ ಹಬ್ಬ.

ಗದ್ದೆಯಲ್ಲಿ ನಾಟಿ ಮುಗಿದಿದೆ. ಇಷ್ಟು ದಿನ ಒಳಗಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳು ಹೊರಗೆ ಬಂದು, ಒರೆಸಿಕೊಂಡು, ತೋಕ್ ಪೂ ಮುಡಿದು ದೀಪದೆದುರು ಕುಳಿತಿವೆ. ಮಧ್ಯಾಹ್ನಕ್ಕೆ ಕಡಂಬುಟ್ಟು, ಪಂದಿಕರಿ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ಅಷ್ಟರೊಳಗೆ ಇದೇ ಸೆಪ್ಟೆಂಬರ್ 3ರಂದು ಬೇರೆ ಬೇರೆ ವರ್ಷಗಳಲ್ಲಿ ಜಗತ್ತಿನಲ್ಲಿ ಏನೇನಾಯಿತು ಎಂದು ಸ್ವಲ್ಪ ನೋಡೋಣ.

ಮೊದಲು 1939. ಅವತ್ತು ಭಾನುವಾರ. ಬ್ರಿಟನ್ನಿನ ಪ್ರಧಾನಿ ನೆವಿಲ್ ಚೇಂಬರ್ಲೇನ್, ಜರ್ಮನಿಯ ಜೊತೆ ಯುದ್ಧ ಶುರುವಾಗಿದೆ ಎಂದು ದೇಶಕ್ಕೆ ಹೇಳಿದ್ದು ರೇಡಿಯೋದಲ್ಲೇ. ಭಾರತವೂ ಯುದ್ಧದಲ್ಲಿದೆ ಎಂದು ವೈಸರಾಯ್ ಲಿನ್‌ಲಿತ್‌ಗೋ ಅದೇ ದಿನ ಸಾರಿಬಿಟ್ಟರು. ಇಲ್ಲಿನ ನಾಯಕರನ್ನು ಒಂದು ಮಾತೂ ಕೇಳಲಿಲ್ಲ. ಆ ಸಿಟ್ಟಿಗೆ ಪ್ರಾಂತಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರು ಇದೇ ಯುದ್ಧದಲ್ಲಿ ಬರ್ಮಾದ ಅರಕಾನ್ ಕಡೆ ಪಡೆ ನಡೆಸಿ ಹೆಸರು ಮಾಡಿದರು. ಮುಂದೆ ಸ್ವತಂತ್ರ ಭಾರತದ ಸೇನಾ ಮುಖ್ಯಸ್ಥರಾದರು.

ಆಯುಧ ಪೂಜಿಸುವ ತಾರೀಖಿನಂದೇ ಮಹಾಯುದ್ಧದ ಘೋಷಣೆ! ಕಥೆ ಕಟ್ಟುವವರಿಗೆ ಇಷ್ಟು ಸಾಕು. ನನಗೆ ಮಾತ್ರ ಇಂಥ ಜೋಡಣೆ ಕಂಡರೆ ಸ್ವಲ್ಪ ಅನುಮಾನ.

ಯಾಕೆ ಎನ್ನುವುದಕ್ಕೆ 1783ನ್ನು ನೋಡಿ. ಆ ವರ್ಷದ ಸೆಪ್ಟೆಂಬರ್ 3ರಂದು ಪ್ಯಾರಿಸ್‌ನಲ್ಲಿ ಸಹಿ ಬಿದ್ದು, ಅಮೆರಿಕ ಸ್ವತಂತ್ರ ದೇಶ ಎಂದು ಬ್ರಿಟನ್ ಒಪ್ಪಿತು. ಅದೇ ದಿನ ವರ್ಸೇಲ್ಸ್‌ನಲ್ಲಿ ಫ್ರಾನ್ಸ್ ಜೊತೆಗೂ ಒಪ್ಪಂದವಾಯಿತು. ಆ ಕಾಲಕ್ಕೆ ನಮ್ಮ ಘಟ್ಟದ ಕೆಳಗೆ, ಮಂಗಳೂರಿನಲ್ಲಿ, ಕೋಟೆಯೊಳಗಿದ್ದ ಇಂಗ್ಲಿಷರನ್ನು ಟಿಪ್ಪುವಿನ ಸೈನ್ಯ ಮುತ್ತಿತ್ತು. ಜೊತೆಗೆ ಫ್ರೆಂಚರೂ ಇದ್ದರು. ಯುರೋಪಿನಲ್ಲಿ ಸಂಧಿ ಕುದುರಿದೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು. ಕೊನೆಯ ಸಹಿಗೆ ಇನ್ನೂ ಸಮಯವಿತ್ತು! ಟಿಪ್ಪು ಮತ್ತು ಇಂಗ್ಲಿಷರ ನಡುವೆ ಮಂಗಳೂರಿನ ಒಪ್ಪಂದವಾದದ್ದು 1784ರ ಮಾರ್ಚ್ 11ಕ್ಕೆ. ಅಂದರೆ ಚರಿತ್ರೆಯ ಪುಸ್ತಕದಲ್ಲಿ ದಪ್ಪಕ್ಷರದಲ್ಲಿರುವ ಸೆಪ್ಟೆಂಬರ್ 3, ಈ ಕರಾವಳಿಯ ಮಟ್ಟಿಗೆ ಏನೂ ಆಗದ ದಿನ. ಇಲ್ಲಿ ಕೆಲಸ ಮಾಡಿದ್ದು ಹಡಗಿನಲ್ಲಿ ಬಂದ ಸುದ್ದಿ.

ಈ ತಾರೀಖನ್ನು ಯಾರಾದರೂ ನಿಜವಾಗಿ ನಂಬಿದ್ದರೆ ಅದು ರಾಜನ ವಿರುದ್ಧ ದಂಗೆಯೆದ್ದು, ಮುಂದೆ ಇಂಗ್ಲೆಂಡನ್ನು ಆಳಿದ ಸೇನಾನಿ ಆಲಿವರ್ ಕ್ರಾಮ್‌ವೆಲ್. 1650ರ ಸೆಪ್ಟೆಂಬರ್ 3ರಂದು ಡನ್‌ಬಾರ್‌ನಲ್ಲಿ ಸ್ಕಾಟ್ಲೆಂಡಿನ ಸೈನ್ಯವನ್ನು ಸೋಲಿಸಿದ. ಸರಿಯಾಗಿ ಒಂದು ವರ್ಷಕ್ಕೆ ವೂಸ್ಟರ್‌ನಲ್ಲಿ ಮತ್ತೆ ಗೆದ್ದ. ತನಗೆ ಈ ದಿನ ಕೂಡಿಬರುತ್ತದೆ ಎಂದುಕೊಂಡ. 1654ರಲ್ಲಿ ಅವನ ಹೊಸ ಸಂಸತ್ತು ಸೇರಿದ್ದೂ ಇದೇ ದಿನ. 1658ರ ಸೆಪ್ಟೆಂಬರ್ 3ರಂದು ಸತ್ತ. ಗೆಲುವುಗಳು ಆಕಸ್ಮಿಕ, ಸಂಸತ್ತಿನ ದಿನ ಬೇಕೆಂದೇ ಆರಿಸಿದ್ದು. ವೈರಿಗಳಿಗೂ ತಾರೀಖಿನ ಹುಚ್ಚು ಕಡಿಮೆಯಿರಲಿಲ್ಲ. ಕ್ರಾಮ್‌ವೆಲ್‌ನ ಕಡೆಯವರು ರಾಜ ಒಂದನೇ ಚಾರ್ಲ್ಸ್‌ನ ತಲೆ ಕಡಿದದ್ದು 1649ರ ಜನವರಿ 30ರಂದು. 1661ರಲ್ಲಿ ಅದೇ ಜನವರಿ 30ಕ್ಕೆ ಕಾದು, ಹೂತಿದ್ದ ಕ್ರಾಮ್‌ವೆಲ್‌ನ ಹೆಣವನ್ನು ಗಲ್ಲಿಗೆ ಏರಿಸಿದರು.

ಇದರಲ್ಲೂ ಒಂದು ತೊಡಕಿದೆ. ಕ್ರಾಮ್‌ವೆಲ್‌ನ ಸೆಪ್ಟೆಂಬರ್ 3 ನಮ್ಮ ಸೆಪ್ಟೆಂಬರ್ 3 ಅಲ್ಲ. ಆಗ ಇಂಗ್ಲೆಂಡ್ ಹಳೆಯ ಜೂಲಿಯನ್ ಪಂಚಾಂಗದಲ್ಲಿತ್ತು. ಇವತ್ತಿನ ಲೆಕ್ಕದಲ್ಲಿ ಅದು ಸೆಪ್ಟೆಂಬರ್ 13. ಕೊನೆಗೆ 1752ರಲ್ಲಿ ಬ್ರಿಟನ್ ಹೊಸ ಲೆಕ್ಕಕ್ಕೆ ಬಂದಾಗ 11 ದಿನಗಳನ್ನು ಹಾರಿಸಿತು. ಸೆಪ್ಟೆಂಬರ್ 2, ಬುಧವಾರ ರಾತ್ರಿ ಮಲಗಿದವರು ಗುರುವಾರ ಬೆಳಿಗ್ಗೆ ಏಳುವಾಗ ತಾರೀಖು 14. ಆ ವರ್ಷ ಬ್ರಿಟನ್ನಿನಲ್ಲಿ ಸೆಪ್ಟೆಂಬರ್ 3 ಎಂಬ ದಿನವೇ ಇರಲಿಲ್ಲ! ಅಂದು ಅಲ್ಲಿ ಯಾವ ಚಾರಿತ್ರಿಕ ಘಟನೆಯೂ ನಡೆದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಹಾಗಾದರೆ ನಮ್ಮ ಹಬ್ಬದ ಲೆಕ್ಕ? ಅದು ಸೂರ್ಯನದ್ದು. ಸೂರ್ಯ ಸಿಂಹರಾಶಿಗೆ ಬಂದ 18ನೇ ದಿನ, ಚಿಂಗ್ಯಾರ್ ತಿಂಗಳಲ್ಲಿ, ಕೈಲ್‌ ಪೊಳ್ದ್. ಮದ್ದುಸೊಪ್ಪಿನ ಪಾಯಸ ಉಣ್ಣುವ ಕಕ್ಕಡ ತಿಂಗಳ 18ನೇ ದಿನ ಬರುವುದೂ ಇದೇ ಎಣಿಕೆಯಲ್ಲಿ. ರಾಶಿ ಹಿಡಿದು ಎಣಿಸುವ ವರ್ಷ, ಇಂಗ್ಲಿಷ್ ಕ್ಯಾಲೆಂಡರಿನ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಇಪ್ಪತ್ತು ನಿಮಿಷ ಯಾವ ಲೆಕ್ಕ ಅನ್ನಬೇಡಿ. ಎಪ್ಪತ್ತು ಚಿಲ್ಲರೆ ವರ್ಷಕ್ಕೆ ಅದು ಒಂದು ದಿನವಾಗುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿಯ ದಿನ. ತಾರೀಖು ನೋಡಿದರೆ 1863ರ ಜನವರಿ 12. ಈಗ ಸಂಕ್ರಾಂತಿ 14 ಅಥವಾ 15ಕ್ಕೆ. ಅದೇ ಲೆಕ್ಕ ಹಿಡಿದರೆ, ಪ್ಯಾರಿಸ್‌ನಲ್ಲಿ ಸಹಿ ಹಾಕಿದ ವರ್ಷ ಸಿಂಹಮಾಸದ 18ನೇ ದಿನ ಆಗಸ್ಟ್ ಕೊನೆಯಲ್ಲೇ ಕಳೆದುಹೋಗಿತ್ತು. 1939ಕ್ಕೆ ಬಂದರೆ ಹೆಚ್ಚುಕಡಿಮೆ ಒಂದು ದಿನದ ಆಚೀಚೆ.

ಸರ್ಕಾರದ ರಜಾ ಪಟ್ಟಿಯಲ್ಲಿ ಕೊಡಗು ಜಿಲ್ಲೆಗೆ ಮಾತ್ರ ಸೇರಿದ ಕೈಲ್ ಮುಹೂರ್ತಕ್ಕೆ (ನಮ್ಮ ಹಬ್ಬಕ್ಕೆ ಅಲ್ಲಿರುವ ಹೆಸರು) ಸೆಪ್ಟೆಂಬರ್ 3 ಎಂದೇ ಬರೆದಿರುತ್ತದೆ. ಸೂರ್ಯ ಆ ಪಟ್ಟಿ ಓದುವುದಿಲ್ಲ. ಮೊಮ್ಮಕ್ಕಳ ಕಾಲಕ್ಕೆ 18ನೇ ದಿನ 4ನೇ ತಾರೀಖಿಗೆ ಜರುಗಿದಾಗ ರಜೆಯೂ ಜರುಗುತ್ತದೋ, ಅಥವಾ ರಜೆ ಇರುವ ದಿನವೇ ಹಬ್ಬವಾಗಿ ನಿಲ್ಲುತ್ತದೋ, ಅವರು ಕೂತು ತೀರ್ಮಾನಿಸಲಿ. ನಮ್ಮ ಸುಗ್ಗಿಯ ಹಬ್ಬ ಪುತ್ತರಿಗೆ ಈ ತಾಪತ್ರಯವಿಲ್ಲ. ಅದು ಹುಣ್ಣಿಮೆಯನ್ನೂ ನಕ್ಷತ್ರವನ್ನೂ ನೋಡಿ ಬರುವ ಹಬ್ಬ. ಪ್ರತಿ ವರ್ಷ ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ದಿನ, ಕದಿರು ತೆಗೆಯುವ ಹೊತ್ತು ಎಲ್ಲ ಗೊತ್ತುಮಾಡುತ್ತಾರೆ. ಅದರ ಮಾತು ಆ ಸಮಯಕ್ಕೇ ಇರಲಿ. ನಮಸ್ಕಾರ.