ಫೋಟೋ ಜತೆ ಹೆಸರೂ ಬರಲಿ

ಕೇಳುಗರಿಗೆ ನಮಸ್ಕಾರ. ವಿಂಡೋಸ್ ಬದಲು ಲಿನಕ್ಸ್ ಬಳಸುವ ಎಷ್ಟೋ ಜನರ ಹತ್ತಿರ ಹತ್ತು ಹದಿನೈದು ವರ್ಷಗಳ ಫೋಟೋಗಳು ಯಾವುದೋ ಹಳೆಯ ತಂತ್ರಾಂಶದಲ್ಲಿ ಸಿಕ್ಕಿಕೊಂಡಿವೆ. ಅದಕ್ಕೆ ಹೊಸ ಆವೃತ್ತಿ ಬರುವುದು ನಿಂತು ಕಾಲ ಆಗಿದೆ. ಹಳೇ ಕಂಪ್ಯೂಟರಿನಲ್ಲಿ ಹೇಗೋ ಓಡುತ್ತಿದೆ. ಸಿಸ್ಟಮ್ ಅಪ್‌ಗ್ರೇಡ್ ಮಾಡಿದರೆ ಅದು ತೆರೆಯುತ್ತದೋ ಇಲ್ಲವೋ ಅಂತ ಹೆದರಿ ಅಪ್‌ಗ್ರೇಡನ್ನೇ ಮುಂದೂಡುತ್ತಾ ಬಂದಿರುತ್ತಾರೆ. ಇವತ್ತಿನ ಮಾತು ಅಂಥವರಿಗೆ.

ಮೊದಲು ಒಂದು ಸಮಾಧಾನ. ನಿಮ್ಮ ಫೋಟೋಗಳಿಗೆ ಏನೂ ಆಗಿಲ್ಲ. ಅವು ಫೋಲ್ಡರುಗಳಲ್ಲಿ ಮಾಮೂಲಿ ಜೆಪೆಗ್ ಫೈಲುಗಳಾಗಿ ಕೂತಿವೆ, ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ತೆರೆಯುತ್ತವೆ. ಕಳೆದುಹೋಗುವ ಅಪಾಯ ಇರುವುದು ಆ ಫೋಟೋಗಳ ಬಗ್ಗೆ ನೀವು ಕೂತು ಬರೆದ ಮಾತುಗಳಿಗೆ. ಇದು ಯಾರ ಮುಖ, ಇದು ಯಾರ ಮದುವೆ, ಇದು ಯಾವ ಊರು, ಈ ಇನ್ನೂರರಲ್ಲಿ ಚೆನ್ನಾಗಿ ಬಂದಿದ್ದು ಯಾವುದು. ಹಿಂದೆ ಪ್ರಿಂಟ್ ಹಾಕಿಸಿದ ಫೋಟೋದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಹೆಸರು, ತಾರೀಕು ಬರೆದಿಡುತ್ತಿದ್ದರಲ್ಲ, ಅದೇ ಕೆಲಸವನ್ನು ನೀವು ಟ್ಯಾಗ್, ಅಂದರೆ ಗುರುತಿನ ಪದ, ಹಾಕಿ ಮಾಡಿದ್ದೀರಿ. ಆದರೆ ಬಹಳಷ್ಟು ತಂತ್ರಾಂಶಗಳು ಆ ಬರಹವನ್ನು ಫೋಟೋದ ಮೇಲೆ ಇಡದೆ ಬೇರೆ ಒಂದು ಡೇಟಾಬೇಸಿನಲ್ಲಿ ಇಡುತ್ತವೆ. ಫೋಟೋ ಕಾಪಿ ಮಾಡಿಕೊಂಡು ಹೊರಟರೆ ಬರಹ ಅಲ್ಲೇ ಉಳಿಯುತ್ತದೆ.

ಹಾಗಾಗಿ ನನ್ನ ಸಲಹೆ ಒಂದೇ, ಉಳಿದಿದ್ದೆಲ್ಲ ಅದರ ವಿವರ. ಹೊಸ ತಂತ್ರಾಂಶ ಯಾವುದು ಅಂತ ಹುಡುಕುವ ಮೊದಲು, ಹಳೆಯದರಲ್ಲಿರುವ ಮಾತುಗಳನ್ನೆಲ್ಲ ಫೋಟೋ ಫೈಲಿನ ಒಳಗೇ ಬರೆಸಿಬಿಡಿ. ತುಂಬಾ ಜನ ಉಲ್ಟಾ ಮಾಡುತ್ತಾರೆ. ಮೊದಲು ಹೊಸ ತಂತ್ರಾಂಶ ಹಾಕುತ್ತಾರೆ, ಫೋಟೋಗಳನ್ನೆಲ್ಲ ಅದಕ್ಕೆ ತೋರಿಸುತ್ತಾರೆ, ಟ್ಯಾಗ್ ಕಾಣದಿದ್ದಾಗ ಗಾಬರಿ ಬೀಳುತ್ತಾರೆ.

ಯಾವ ತಂತ್ರಾಂಶಗಳ ಬಗ್ಗೆ ಹೇಳುತ್ತಿದ್ದೇನೆ ಅಂದರೆ, ಮುಖ್ಯವಾಗಿ ಎರಡು. ಒಂದು ಎಫ್-ಸ್ಪಾಟ್. ಗ್ನೋಮ್ ಡೆಸ್ಕ್‌ಟಾಪಿಗಾಗಿ ಮೊನೋ ಅನ್ನುವ ಪ್ರೋಗ್ರಾಮಿಂಗ್ ವ್ಯವಸ್ಥೆ ಬಳಸಿ ಬರೆದದ್ದು, ಒಂದು ಕಾಲಕ್ಕೆ ಉಬುಂಟು ಅನ್ನುವ ಲಿನಕ್ಸ್ ಜತೆಗೇ ಬರುತ್ತಿತ್ತು. 2010ರ ಅಕ್ಟೋಬರಿನಲ್ಲಿ ಬಂದ ಉಬುಂಟು 10.10ರಲ್ಲಿ ಅದನ್ನು ತೆಗೆದು ಶಾಟ್‌ವೆಲ್ ಅನ್ನುವ ಇನ್ನೊಂದು ಫೋಟೋ ತಂತ್ರಾಂಶ ಇಟ್ಟರು. ಆಮೇಲೆ ಎಫ್-ಸ್ಪಾಟ್ ಮೆಲ್ಲಗೆ ನಿಂತೇ ಹೋಯಿತು. ಇನ್ನೊಂದು ಪಿಕಾಸಾ. ಗೂಗಲ್ 2006ರಲ್ಲಿ ಅದನ್ನು, ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್ ಸಹಾಯದಿಂದ, ಲಿನಕ್ಸಿಗೆ ತಂದಿತು, 2012ರಲ್ಲಿ ಲಿನಕ್ಸ್ ಆವೃತ್ತಿಯನ್ನು ನಿಲ್ಲಿಸಿತು, 2016ರ ಮಾರ್ಚಿನಲ್ಲಿ ಇಡೀ ಪಿಕಾಸಾವನ್ನೇ ನಿಲ್ಲಿಸಿತು. ಶಾಟ್‌ವೆಲ್ ಬರೆದ ಯೋರ್ಬಾ ಅನ್ನುವ ಸಂಸ್ಥೆಯೂ ಮುಂದೆ ಮುಚ್ಚಿತು, ಆದರೆ ಕೋಡ್ ಎಲ್ಲರಿಗೂ ತೆರೆದಿದ್ದರಿಂದ ಬೇರೆಯವರು ಅದನ್ನು ಮುಂದುವರಿಸಿದರು. ಸಣ್ಣ ತಂಡಗಳ ಕೆಲಸ ಇದು, ಯಾವತ್ತು ಯಾರು ಕೈಬಿಡುತ್ತಾರೋ ಹೇಳಲಾಗದು. ಹಾಗಾಗಿ ಶಾಟ್‌ವೆಲ್ ಬಿಟ್ಟು ಹೊರಡುವವರಿಗೂ ಈ ಮಾತು ಸೇರಿಸಿಯೇ ಹೇಳುತ್ತೇನೆ.

ಈಗ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ಇಡೀ ಹೋಮ್ ಫೋಲ್ಡರನ್ನು, ಅಂದರೆ ನಿಮ್ಮ ಸ್ವಂತ ಫೈಲುಗಳೆಲ್ಲ ಇರುವ ಫೋಲ್ಡರನ್ನು, ಬೇರೆ ಡಿಸ್ಕಿಗೆ ಕಾಪಿ ಮಾಡಿ. ಫೋಟೋ ಫೋಲ್ಡರ್ ಮಾತ್ರ ಸಾಲದು, ಯಾಕೆಂದರೆ ಡೇಟಾಬೇಸ್ ಇರುವುದು ಅಡಗಿದ ಫೋಲ್ಡರುಗಳಲ್ಲಿ. ಎಫ್-ಸ್ಪಾಟ್‌ನದು ಡಾಟ್ ಕಾನ್ಫಿಗ್ ಫೋಲ್ಡರಿನ ಒಳಗೆ ಫೋಟೋಸ್ ಡಾಟ್ ಡಿಬಿ ಅನ್ನುವ ಫೈಲು. ಇನ್ನೂ ಹಳೆಯ ಆವೃತ್ತಿಯಾದರೆ ಡಾಟ್ ಗ್ನೋಮ್2 ಅನ್ನುವ ಫೋಲ್ಡರಿನಲ್ಲಿ ನೋಡಿ. ಶಾಟ್‌ವೆಲ್‌ನದು ಡಾಟ್ ಲೋಕಲ್ ಫೋಲ್ಡರಿನ ಒಳಗೆ ಫೋಟೋ ಡಾಟ್ ಡಿಬಿ. ಚುಕ್ಕೆಯಿಂದ ಶುರುವಾಗುವ ಹೆಸರುಗಳನ್ನು ಲಿನಕ್ಸಿನ ಫೈಲ್ ಮ್ಯಾನೇಜರ್ ಸಾಮಾನ್ಯವಾಗಿ ತೋರಿಸುವುದಿಲ್ಲ, ಕಂಟ್ರೋಲ್ ಎಚ್ ಒತ್ತಿದರೆ ಬಹುತೇಕ ಕಡೆ ಕಾಣುತ್ತವೆ. ಪಿಕಾಸಾದವರಿಗೆ ಇದು ಇನ್ನೂ ಮುಖ್ಯ. ಪಿಕಾಸಾ ಪ್ರತಿ ಫೋಟೋ ಫೋಲ್ಡರಿನಲ್ಲೂ ಡಾಟ್ ಪಿಕಾಸಾ ಡಾಟ್ ಐಎನ್ಐ ಅನ್ನುವ ಸಣ್ಣ ಫೈಲ್ ಇಡುತ್ತದೆ. ನೀವು ಹಾಕಿದ ನಕ್ಷತ್ರ, ಮಾಡಿದ ತಿದ್ದುಪಡಿ, ಗುರುತಿಸಿದ ಮುಖಗಳ ಜಾಗ, ಎಲ್ಲಾ ಅದರಲ್ಲಿದೆ. ಟರ್ಮಿನಲ್ಲಿನಲ್ಲಿ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ, ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ಕಾಪಿ ಮಾಡು ಅಂದರೆ ಚುಕ್ಕೆಯ ಫೈಲುಗಳು ಬರುವುದಿಲ್ಲ. ತಿದ್ದುವ ಮೊದಲಿನ ಮೂಲ ಫೋಟೋಗಳೂ ಇಂಥದ್ದೇ ಅಡಗಿದ ಫೋಲ್ಡರಿನಲ್ಲಿ ಇರುತ್ತವೆ, ಅವೂ ಸದ್ದಿಲ್ಲದೆ ಹಿಂದೆ ಉಳಿದುಬಿಡುತ್ತವೆ. ಆರ್‌ಸಿಂಕ್ ಅನ್ನುವ ಕಾಪಿ ಮಾಡುವ ಉಪಕರಣ ಬಳಸಿ, ಆರ್ಕೈವ್ ಆಯ್ಕೆ ಹಾಕಿ, ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಫೈಲಿನ ತಾರೀಕುಗಳೂ ಆಗ ಹಾಗೇ ಉಳಿಯುತ್ತವೆ.

ಕಾಪಿ ಹಾಕುವ ಡಿಸ್ಕ್ ವಿಂಡೋಸ್ ಶೈಲಿಯದಾದರೆ ಸ್ವಲ್ಪ ಎಚ್ಚರ ಬೇಕು. ಲಿನಕ್ಸಿನಲ್ಲಿ ದೊಡ್ಡಕ್ಷರದ ಹೆಸರು, ಚಿಕ್ಕಕ್ಷರದ ಹೆಸರು ಎರಡು ಬೇರೆ ಫೈಲುಗಳು. ಎಕ್ಸ್‌ಫ್ಯಾಟ್ ಥರದ ವಿಂಡೋಸ್ ಶೈಲಿಯ ಡಿಸ್ಕಿಗೆ ಅವೆರಡೂ ಒಂದೇ, ಒಂದರ ಮೇಲೆ ಇನ್ನೊಂದು ಬಂದು ಕೂರಬಹುದು.

ಬ್ಯಾಕಪ್ ಆದಮೇಲೂ ಮೂಲ ಫೋಟೋಗಳನ್ನು ಇದ್ದ ಜಾಗದಿಂದ ಅಲುಗಾಡಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಈ ಡೇಟಾಬೇಸುಗಳು ಪ್ರತಿ ಫೋಟೋದ ಪೂರ್ತಿ ವಿಳಾಸವನ್ನು, ಅಂದರೆ ಯಾವ ಡಿಸ್ಕ್, ಯಾವ ಫೋಲ್ಡರ್, ಯಾವ ಹೆಸರು ಅಂತ ಬರೆದಿಟ್ಟುಕೊಂಡಿರುತ್ತವೆ. ನೀವು ಅಚ್ಚುಕಟ್ಟು ಮಾಡೋಣ ಅಂತ ಫೋಲ್ಡರುಗಳ ಹೆಸರು ಬದಲಿಸಿದರೆ ಟ್ಯಾಗಿಗೂ ಫೋಟೋಗೂ ಇದ್ದ ಕೊಂಡಿ ಕಡಿದುಹೋಗುತ್ತದೆ. ಅಚ್ಚುಕಟ್ಟು ಮಾಡುವುದು ಕೊನೆಗೆ.

ಹಳೆಯ ತಂತ್ರಾಂಶ ಇನ್ನೂ ತೆರೆಯುತ್ತದೆ ಅಂದರೆ ನಿಮ್ಮ ಅರ್ಧ ಕೆಲಸ ಸಲೀಸು. ಎಫ್-ಸ್ಪಾಟ್‌ನಲ್ಲೂ ಶಾಟ್‌ವೆಲ್‌ನಲ್ಲೂ ಟ್ಯಾಗ್, ವಿವರಣೆಗಳನ್ನು ಫೋಟೋ ಫೈಲಿಗೇ ಬರೆಯುವ ಆಯ್ಕೆ ಪ್ರಿಫರೆನ್ಸಸ್‌ನಲ್ಲಿ ಇದೆ. ಅದನ್ನು ಆನ್ ಮಾಡಿ. ಸಾವಿರಾರು ಫೋಟೋ ಇದ್ದರೆ ಹೊತ್ತು ಹಿಡಿಯುತ್ತದೆ, ಮಧ್ಯೆ ಮುಚ್ಚದೆ ಬಿಡಿ. ಹೀಗೆ ಬರೆದರೆ ಫೋಟೋದ ಗುಣಮಟ್ಟ ಕೆಡುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಕೆಡುವುದಿಲ್ಲ. ಜೆಪೆಗ್ ಫೈಲಿನಲ್ಲಿ ಚಿತ್ರದ ಭಾಗ ಬೇರೆ, ಮಾಹಿತಿಯ ಭಾಗ ಬೇರೆ. ಬದಲಾಗುವುದು ಮಾಹಿತಿಯ ಭಾಗ ಮಾತ್ರ.

ತೆರೆಯದಿದ್ದರೂ ಎದೆಗುಂದಬೇಡಿ. ಎಫ್-ಸ್ಪಾಟ್, ಶಾಟ್‌ವೆಲ್ ಎರಡರ ಡೇಟಾಬೇಸೂ ಎಸ್‌ಕ್ಯೂಲೈಟ್ ರೀತಿಯದು. ಎಲ್ಲರಿಗೂ ತೆರೆದ ವಿನ್ಯಾಸ ಅದು, ಓದುವ ಉಪಕರಣಗಳು ಪುಕ್ಕಟೆ ಸಿಗುತ್ತವೆ, ಅದನ್ನು ಬರೆದವರು 2050ರವರೆಗೆ ನೋಡಿಕೊಳ್ಳುವುದಾಗಿ ಮಾತು ಕೊಟ್ಟಿದ್ದಾರೆ. ತಂತ್ರಾಂಶ ಸತ್ತರೂ ಅದರ ನೆನಪು ಓದಲು ಸಿಗುತ್ತದೆ, ಇದು ನಿಜಕ್ಕೂ ದೊಡ್ಡ ಉಪಕಾರ. ಎಫ್-ಸ್ಪಾಟ್‌ನ ಡೇಟಾಬೇಸ್ ತೆರೆದು ನೋಡಿದರೆ ಫೋಟೋಗಳದೊಂದು ಪಟ್ಟಿ, ಟ್ಯಾಗುಗಳದೊಂದು ಪಟ್ಟಿ, ಯಾವ ಫೋಟೋಗೆ ಯಾವ ಟ್ಯಾಗ್ ಅನ್ನುವುದಕ್ಕೆ ಇನ್ನೊಂದು ಪಟ್ಟಿ ಕಾಣುತ್ತದೆ. ಈ ಮೂರನ್ನೂ ಕೂಡಿಸಿದರೆ ಒಂದು ಸಾಲಿನಲ್ಲಿ ಫೈಲಿನ ವಿಳಾಸ, ಪಕ್ಕದಲ್ಲಿ ಅದರ ಟ್ಯಾಗುಗಳು, ವಿವರಣೆ, ರೇಟಿಂಗ್ ಬರುತ್ತದೆ. ವಿಳಾಸದಲ್ಲಿ ಖಾಲಿ ಜಾಗ ಇದ್ದ ಕಡೆ ಶೇಕಡಾ ಚಿಹ್ನೆ ಮತ್ತು 20 ಅಂತ ಇರುತ್ತದೆ, ಅದನ್ನು ತಿರುಗಿ ಖಾಲಿ ಜಾಗ ಮಾಡಬೇಕು. ಶಾಟ್‌ವೆಲ್‌ನಲ್ಲಿ ಸ್ವಲ್ಪ ಬೇರೆ. ಪ್ರತಿ ಟ್ಯಾಗಿನ ಎದುರಿಗೆ ಫೋಟೋಗಳ ನಂಬರುಗಳನ್ನು ಉದ್ದಕ್ಕೆ ಪೋಣಿಸಿಟ್ಟಿರುತ್ತಾರೆ, ಅದೂ ಹೆಕ್ಸಾಡೆಸಿಮಲ್ ಅನ್ನುವ ಹದಿನಾರರ ಎಣಿಕೆಯಲ್ಲಿ. ಪ್ರೋಗ್ರಾಮಿಂಗ್ ಗೊತ್ತಿರುವ ಗೆಳೆಯರು ಯಾರಾದರೂ ಇದ್ದರೆ ಒಂದು ಸಂಜೆಯಲ್ಲಿ ಮಾಡಿಕೊಡುವಂಥ ಕೆಲಸ ಇದು, ನಾಚಿಕೊಳ್ಳದೆ ಕೇಳಿ.

ಬಂದ ಪಟ್ಟಿಯನ್ನು ಫೋಟೋಗಳ ಒಳಗೆ ಬರೆಯುವುದಕ್ಕೆ ಎಕ್ಸಿಫ್‌ಟೂಲ್ ಇದೆ. ಫಿಲ್ ಹಾರ್ವಿ ಅನ್ನುವವರು ಬರೆದದ್ದು. ಈ ಕೆಲಸದಲ್ಲಿ ಇದರಷ್ಟು ನಂಬಿಕೆಯ ಉಪಕರಣ ಇನ್ನೊಂದನ್ನು ನಾನು ಕಂಡಿಲ್ಲ. ಒಂದು ಸಿಎಸ್‌ವಿ ಪಟ್ಟಿ, ಅಂದರೆ ಅಲ್ಪವಿರಾಮ ಹಾಕಿ ಬೇರೆ ಮಾಡಿದ ಸಾಲುಗಳ ಪಟ್ಟಿ, ಕೊಟ್ಟರೆ ಸಾವಿರಾರು ಫೋಟೋಗಳಿಗೆ ಒಟ್ಟಿಗೆ ಬರೆಯುತ್ತದೆ. ಸುಮ್ನೆ ಓಡಿಸಿದರೆ ಪ್ರತಿ ಮೂಲ ಫೈಲಿನ ಒಂದು ಕಾಪಿಯನ್ನೂ ಪಕ್ಕದಲ್ಲೇ ಇಡುತ್ತದೆ, ಹಾಗಾಗಿ ಡಿಸ್ಕಿನಲ್ಲಿ ಎರಡರಷ್ಟು ಜಾಗ ಇರಲಿ. ಮೊದಲು ಒಂದೇ ಒಂದು ಫೋಲ್ಡರಿನ ಮೇಲೆ ಮಾಡಿ ನೋಡಿ, ಸರಿ ಬಂತು ಅಂದಮೇಲೆ ಉಳಿದದ್ದು.

ಎಲ್ಲಿ ಬರೆಯಬೇಕು ಅನ್ನುವುದು ಕನ್ನಡದಲ್ಲಿ ಟ್ಯಾಗ್ ಹಾಕುವ ನಮಗೆ ತುಂಬಾ ಮುಖ್ಯ. ಫೋಟೋದ ಒಳಗೆ ಮಾತು ಬರೆಯಲು ಮುಖ್ಯವಾಗಿ ಎರಡು ಜಾಗ ಇವೆ. ಒಂದು ಐಪಿಟಿಸಿ, ಪತ್ರಿಕೆಗಳ ಕಾಲದ ಹಳೆಯ ಪದ್ಧತಿ. ಇನ್ನೊಂದು ಎಕ್ಸ್‌ಎಂಪಿ, 2001ರಲ್ಲಿ ಅಡೋಬಿ ತಂದದ್ದು. ಹಳೆಯ ಐಪಿಟಿಸಿಯಲ್ಲಿ ಒಂದು ಟ್ಯಾಗಿಗೆ ಸಿಗುವುದು 64 ಬೈಟ್ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಅವರಿಗೆ ತೊಂದರೆ ಇಲ್ಲ. ನಮ್ಮ ಪ್ರತಿಯೊಂದು ಅಕ್ಷರಕ್ಕೂ, ಗುಣಿತ ಚಿಹ್ನೆಗೂ, ಒತ್ತಕ್ಷರ ಮಾಡುವ ಹಲಂತಕ್ಕೂ ಯುಟಿಎಫ್-8 ಅನ್ನುವ ಅಕ್ಷರ ಸಂಕೇತ ಪದ್ಧತಿಯಲ್ಲಿ ತಲಾ ಮೂರು ಬೈಟ್ ಬೇಕು. ಅಜ್ಜಿ ಅಂತ ಬರೆದರೇ 15 ಬೈಟ್ ಆಗುತ್ತದೆ. ಇಪ್ಪತ್ತೊಂದು ಚಿಹ್ನೆ ದಾಟಿದರೆ ಮುಗಿಯಿತು, ಹೆಸರಿನ ಬಾಲ ತುಂಡಾಗುತ್ತದೆ. ಅದೂ ಸಾಲದು ಅಂತ, ಇದು ಯುಟಿಎಫ್-8 ಎಂದು ಫೈಲಿನಲ್ಲಿ ಬೇರೆ ಗುರುತು ಹಾಕದಿದ್ದರೆ ಓದುವ ತಂತ್ರಾಂಶ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲನ್ನು ತೋರಿಸಬಹುದು. ಎಕ್ಸ್‌ಎಂಪಿಯಲ್ಲಿ ಈ ಎರಡೂ ಕಾಟ ಇಲ್ಲ. ಅದು ಯೂನಿಕೋಡ್ ಮೇಲೆಯೇ ಕಟ್ಟಿದ್ದು. ಆದ್ದರಿಂದ ಕನ್ನಡ ಟ್ಯಾಗುಗಳನ್ನು ಎಕ್ಸ್‌ಎಂಪಿಯಲ್ಲೇ ಬರೆಸಿ.

ರಾ ಫೈಲುಗಳು, ಅಂದರೆ ಕ್ಯಾಮೆರಾದಿಂದ ನೇರ ಬಂದ ಕಚ್ಚಾ ಫೈಲುಗಳಿದ್ದರೆ ಅವುಗಳ ಒಳಗೆ ಬರೆಯಲು ಹೋಗಬೇಡಿ. ಪಕ್ಕದಲ್ಲಿ ಒಂದು ಸಣ್ಣ ಎಕ್ಸ್‌ಎಂಪಿ ಫೈಲ್ ಇಡುವ ಪದ್ಧತಿ ಇದೆ, ಸೈಡ್‌ಕಾರ್ ಅನ್ನುತ್ತಾರೆ. ಅದರ ಹೆಸರಿಡುವುದರಲ್ಲಿ ಒಂದು ತೊಡಕು. ಡಿಜಿಕ್ಯಾಮ್, ಡಾರ್ಕ್‌ಟೇಬಲ್ ಅನ್ನುವ ಫೋಟೋ ತಂತ್ರಾಂಶಗಳೆರಡೂ ಫೋಟೋದ ಪೂರ್ತಿ ಹೆಸರಿನ ಕೊನೆಗೆ ಎಕ್ಸ್‌ಎಂಪಿ ಸೇರಿಸುತ್ತವೆ. ಅಡೋಬಿಯ ಲೈಟ್‌ರೂಮ್ ಮೂಲ ಹೆಸರಿನ ಬಾಲ, ಅಂದರೆ ಕೊನೆಯ ಚುಕ್ಕೆಯ ನಂತರದ ಭಾಗ, ತೆಗೆದು ಆ ಜಾಗದಲ್ಲಿ ಎಕ್ಸ್‌ಎಂಪಿ ಹಾಕುತ್ತದೆ. ನೀವು ಹೋಗುವ ಕಡೆ ಯಾವ ರೀತಿ ಓದುತ್ತಾರೆ ಅಂತ ನೋಡಿಕೊಂಡು ಹೆಸರಿಡಿ.

ಇನ್ನು ಸುಲಭಕ್ಕೆ ಕಣ್ಣಿಗೆ ಬೀಳದ ಕೆಲವು ಸಂಗತಿಗಳಿವೆ. ಎಫ್-ಸ್ಪಾಟ್‌ನಲ್ಲಿ ಹಿಡನ್ ಅಂತ ಒಂದು ಟ್ಯಾಗ್ ಮೊದಲಿನಿಂದಲೇ ಇರುತ್ತದೆ. ಅದನ್ನು ಹಾಕಿದ ಫೋಟೋ ಪರದೆಯಲ್ಲಿ ಕಾಣುವುದಿಲ್ಲ. ಹೊಸ ತಂತ್ರಾಂಶಕ್ಕೆ ಆ ಒಪ್ಪಂದ ಗೊತ್ತಿಲ್ಲ, ಅದಕ್ಕೆ ಅದೊಂದು ಸಾಮಾನ್ಯ ಪದ. ನೀವು ಯಾರಿಗೂ ತೋರಿಸಬಾರದು ಅಂತ ಬಚ್ಚಿಟ್ಟ ಫೋಟೋ, ಎಲ್ಲರೂ ಕೂತು ನೋಡುವಾಗ ಮುಂದೆ ಬಂದು ನಿಲ್ಲುತ್ತದೆ. ಆ ಫೋಟೋಗಳನ್ನು ಮೊದಲೇ ಹುಡುಕಿ ಪಟ್ಟಿ ಮಾಡಿಟ್ಟುಕೊಳ್ಳಿ, ಟ್ಯಾಗುಗಳನ್ನೆಲ್ಲ ಬರೆದಾದಮೇಲೆ, ಹೊಸ ತಂತ್ರಾಂಶಕ್ಕೆ ತೋರಿಸುವ ಮುಂಚೆ ಬೇರೆ ಫೋಲ್ಡರಿಗೆ ಹಾಕಿ. ಆಮೇಲೆ ತಿದ್ದಿದ ಫೋಟೋಗಳ ವಿಷಯ. ಎಫ್-ಸ್ಪಾಟ್ ಬಣ್ಣ ಬದಲಿಸಿದಾಗ, ಕತ್ತರಿಸಿದಾಗ ಪಕ್ಕದಲ್ಲಿ ಇನ್ನೊಂದು ಫೈಲ್ ಮಾಡುತ್ತದೆ, ಎರಡೂ ಒಂದೇ ಫೋಟೋ ಅನ್ನುವುದು ಡೇಟಾಬೇಸಿಗೆ ಮಾತ್ರ ಗೊತ್ತು. ಹೊಸ ಕಡೆ ಅವು ಎರಡೆರಡು ಫೋಟೋ ಆಗಿ ಕಾಣುತ್ತವೆ. ಶಾಟ್‌ವೆಲ್ ಇದಕ್ಕೆ ತದ್ವಿರುದ್ಧ. ಅದು ತಿದ್ದುಪಡಿಯ ಲೆಕ್ಕವನ್ನು ಡೇಟಾಬೇಸಿನಲ್ಲಿ ಬರೆದಿಟ್ಟುಕೊಂಡು ಮೂಲ ಫೈಲನ್ನು ಮುಟ್ಟುವುದಿಲ್ಲ. ಅಲ್ಲಿಂದ ಹೊರಡುವವರು ತಿದ್ದಿದ ಫೋಟೋಗಳನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಲೇಬೇಕು, ಇಲ್ಲದಿದ್ದರೆ ಕೆಂಪು ಕಣ್ಣು ಮತ್ತೆ ಕೆಂಪಾಗಿಯೇ ಸಿಗುತ್ತದೆ. ಕ್ಯಾಮೆರಾದ ಗಡಿಯಾರ ತಪ್ಪಿದ್ದಾಗ ನೀವು ತಾರೀಕು ಸರಿಪಡಿಸಿದ್ದರೂ ಇದೇ ಕಥೆ. ಶಾಟ್‌ವೆಲ್‌ನಲ್ಲಿ ಮೂಲ ಫೈಲನ್ನೂ ಬದಲಿಸು ಅಂತ ಟಿಕ್ ಹಾಕದಿದ್ದರೆ ಸರಿ ತಾರೀಕು ಡೇಟಾಬೇಸಿನಲ್ಲಿ ಮಾತ್ರ ಇರುತ್ತದೆ. ಶಾಟ್‌ವೆಲ್‌ನಲ್ಲಿ ಈವೆಂಟುಗಳಿಗೆ, ಅಂದರೆ ಒಂದು ದಿನದ ಅಥವಾ ಸಮಾರಂಭದ ಫೋಟೋ ಗುಂಪುಗಳಿಗೆ, ಕೊಟ್ಟ ಹೆಸರುಗಳೂ ಹಾಗೇ, ಹೊರಡುವ ಮುಂಚೆ ಅವನ್ನು ಟ್ಯಾಗಾಗಿ ಮಾಡಿಕೊಳ್ಳಿ.

ಪಿಕಾಸಾದಲ್ಲಿ ಗುರುತಿಸಿದ ಮುಖಗಳು ಎಲ್ಲಕ್ಕಿಂತ ಕಷ್ಟ. ಐಎನ್ಐ ಫೈಲಿನಲ್ಲಿ ಮುಖ ಇರುವ ಚೌಕದ ಜಾಗ ಒಂದು ಉದ್ದ ಸಂಖ್ಯೆಯಾಗಿ, ವ್ಯಕ್ತಿ ಇನ್ನೊಂದು ಸಂಕೇತವಾಗಿ ಇರುತ್ತದೆ. ಆ ಸಂಕೇತ ಯಾರದು ಅನ್ನುವುದು ಸಾಮಾನ್ಯವಾಗಿ ಕಾಂಟ್ಯಾಕ್ಟ್ಸ್ ಅನ್ನುವ ಬೇರೆ ಫೈಲಿನಲ್ಲಿ. ಎರಡೂ ಕೈಯಲ್ಲಿದ್ದರೆ ಹೆಸರು ಮುಖಕ್ಕೆ ಸೇರುತ್ತದೆ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವರು ಯಾರು ಅವರು ಯಾರು ಅಂತ ಕೇಳಿ ಕೇಳಿ ಹಾಕಿದ ಹೆಸರುಗಳು ಅವು. ಆ ಹಿರಿಯರು ಇವತ್ತು ಇಲ್ಲದಿರಬಹುದು. ಎಷ್ಟು ಹೊತ್ತು ಬೇಕಾದರೂ ಹಿಡಿಯಲಿ, ಇದನ್ನು ಬಿಡಬೇಡಿ.

ಎಲ್ಲಾ ಬರೆದಾಯಿತು ಅಂದಮೇಲೆ ಪರೀಕ್ಷೆ ಮಾಡಬೇಕು. ಫೋಟೋಗಳ ಒಟ್ಟು ಸಂಖ್ಯೆ ಹಳೆಯದಕ್ಕೆ ತಾಳೆಯಾಗಬೇಕು. ಒಂದೊಂದು ಟ್ಯಾಗಿನ ಅಡಿ ಎಷ್ಟು ಫೋಟೋ ಇದ್ದವು, ಈಗ ಎಷ್ಟಿವೆ ಅಂತಲೂ ನೋಡಿ, ತಪ್ಪು ಜಾಸ್ತಿ ಸಿಗುವುದು ಇಲ್ಲೇ. ಮಾಹಿತಿ ಸೇರಿಸಿದಮೇಲೆ ಇಡೀ ಫೈಲಿನ ಚೆಕ್‌ಸಮ್, ಅಂದರೆ ಫೈಲಿನ ಒಳಗಿನದನ್ನು ಲೆಕ್ಕ ಹಾಕಿ ತೆಗೆದ ಗುರುತಿನ ಸಂಖ್ಯೆ, ಬದಲಾಗುವುದು ಸಹಜ, ಅದಕ್ಕೆ ಹೆದರಬೇಡಿ. ಎಕ್ಸಿಫ್‌ಟೂಲ್‌ನ ಹೊಸ ಆವೃತ್ತಿಗಳು ಚಿತ್ರದ ಭಾಗಕ್ಕೆ ಮಾತ್ರ ಹ್ಯಾಶ್ ಅನ್ನುವ ಅಂಥದ್ದೇ ಸಂಖ್ಯೆಯನ್ನು ಲೆಕ್ಕ ಹಾಕಿ ಕೊಡುತ್ತವೆ. ಮೊದಲಿನದು, ಆಮೇಲಿನದು ಒಂದೇ ಇದ್ದರೆ ಚಿತ್ರಕ್ಕೆ ಏನೂ ಆಗಿಲ್ಲ ಅಂತ ಖಚಿತ.

ಈಗ ಹೊಸ ತಂತ್ರಾಂಶ ಹುಡುಕಬಹುದು. ನನ್ನ ಮೆಚ್ಚುಗೆ ಡಿಜಿಕ್ಯಾಮ್‌ಗೆ. ದೊಡ್ಡ ಸಂಗ್ರಹಕ್ಕೆ ತಡೆದುಕೊಳ್ಳುತ್ತದೆ, ಎಕ್ಸ್‌ಎಂಪಿಯನ್ನು ಚೆನ್ನಾಗಿ ಓದುತ್ತದೆ. ಆದರೆ ಫೈಲಿಗೇ ಬರೆಯಬೇಕು ಅನ್ನುವುದನ್ನು ಅದರ ಸೆಟ್ಟಿಂಗ್ಸ್‌ನ ಮೆಟಾಡೇಟಾ ಭಾಗದಲ್ಲಿ ನೀವೇ ಒಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಿ. ಬೇರೆ ಯಾವುದನ್ನು ಆರಿಸಿದರೂ ಹತ್ತು ಫೋಟೋ ಹಾಕಿ, ಕನ್ನಡದಲ್ಲಿ ಟ್ಯಾಗ್ ಕೊಟ್ಟು, ಆ ತಂತ್ರಾಂಶ ಮುಚ್ಚಿ, ಎಕ್ಸಿಫ್‌ಟೂಲ್‌ನಲ್ಲಿ ತೆರೆದು ನೋಡಿ. ನಿಮ್ಮ ಕನ್ನಡ ಪದ ಅಲ್ಲಿ ಕಂಡರೆ ಸರಿ, ಕಾಣದಿದ್ದರೆ ಬೇರೆಯದನ್ನು ನೋಡಿ. ಹಳೆಯ ಡೇಟಾಬೇಸನ್ನೂ, ಅದರಿಂದ ತೆಗೆದ ಪಟ್ಟಿಯನ್ನೂ ಹೊಸ ಸಂಗ್ರಹದ ಜತೆಯಲ್ಲೇ ಒಂದು ಫೋಲ್ಡರ್ ಮಾಡಿ ಇಡಿ, ಹೆಚ್ಚು ಜಾಗ ಹಿಡಿಯುವುದಿಲ್ಲ. ಹಳೆಯ ಡಿಸ್ಕನ್ನು ಅಳಿಸುವುದು, ಇದೆಲ್ಲ ಆಗಿ ಹೊಸ ಸಂಗ್ರಹದ ಎರಡು ಬ್ಯಾಕಪ್ ಬೇರೆ ಬೇರೆ ಜಾಗದಲ್ಲಿ ಇದ್ದಮೇಲೆ ಮಾತ್ರ. ನಮಸ್ಕಾರ.